ಜೆರುಸಲೇಮಿಗೆ ಹಡಗು ಹೊರಡದ ವರ್ಷ

ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ ತನ್ನ ಆತ್ಮಕಥೆಯನ್ನು ಕೂತು ಬರೆದವನಲ್ಲ, ಹೇಳಿ ಬರೆಸಿದವನು. 1553ರಿಂದ 1555ರವರೆಗೆ ರೋಮಿನಲ್ಲಿ, ಬಿಡುವಾದಾಗ, ಗೊನ್ಸಾಲ್ವಿಸ್ ದ ಕಾಮರ ಎಂಬ ಪೋರ್ಚುಗೀಸ್ ಪಾದ್ರಿಯ ಮುಂದೆ ನೆನಪುಗಳನ್ನು ಬಿಚ್ಚುತ್ತ ಹೋದ. ಕಾಮರ ಕೇಳಿಸಿಕೊಂಡು ಬಂದು ಬರೆದಿಟ್ಟ. ಹೆಚ್ಚಿನ ಭಾಗ ಸ್ಪ್ಯಾನಿಷಿನಲ್ಲಿದೆ. ಕೊನೆಯ ಭಾಗ, ಸ್ಪ್ಯಾನಿಷ್ ಬಲ್ಲ ಬರಹಗಾರ ಸಿಗದ್ದರಿಂದ, ಇಟಾಲಿಯನ್ನಿನಲ್ಲಿದೆ. ಕಥೆಯಲ್ಲಿ ‘ನಾನು’ ಇಲ್ಲ, ‘ಯಾತ್ರಿಕ’ ಇದ್ದಾನೆ. ಅಂದುಕೊಂಡದ್ದೆಲ್ಲ ತಲೆಕೆಳಗಾದ ಮನುಷ್ಯನೊಬ್ಬ ದೇವರನ್ನು ನಂಬಿ ಹೇಗೆ ಹೆಜ್ಜೆ ಹಾಕಿದ ಎಂಬುದನ್ನು ಇಷ್ಟು ವಿವರವಾಗಿ ಹೇಳುವ ಪುಸ್ತಕಗಳು ಕಡಿಮೆ. ಆದ್ದರಿಂದಲೇ ಇದನ್ನು ಕಣ್ಣಿಗೊತ್ತಿಕೊಂಡು ಕಪಾಟಿಗೆ ಸೇರಿಸುವ ಬದಲು ಒರೆಗೆ ಹಚ್ಚಿ ನೋಡಬೇಕು ಅನ್ನಿಸುತ್ತದೆ.

1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫ್ರೆಂಚರ ಫಿರಂಗಿ ಗುಂಡು ಆ ಬಾಸ್ಕ್ ಯೋಧನ ಒಂದು ಕಾಲನ್ನು ಮುರಿಯಿತು, ಇನ್ನೊಂದಕ್ಕೆ ಗಾಯ ಮಾಡಿತು. ಮೂಳೆ ಸರಿಯಾಗಿ ಕೂಡಲಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ಅದಾದ ಮೇಲೂ ಮೊಣಕಾಲಿನ ಕೆಳಗೆ ಮೂಳೆಯ ತುದಿಯೊಂದು ಎದ್ದು ನಿಂತಿತು. ಇಷ್ಟು ವಿಕಾರವಾದ ಕಾಲಿಟ್ಟುಕೊಂಡು ದೊಡ್ಡವರ ನಡುವೆ ಹೇಗೆ ಓಡಾಡುವುದೆಂದು ಅವನು ಅದನ್ನೂ ಕೊಯ್ಸಿಕೊಂಡ. ಅರಿವಳಿಕೆ ಇಲ್ಲದ ಕಾಲ. ಮುಷ್ಟಿ ಬಿಗಿದು ಸಹಿಸಿದ. ದೇವರಿಗಾಗಿ ಅಲ್ಲ, ಅಂದಕ್ಕಾಗಿ. ಇದನ್ನು ಮರೆಮಾಚದೆ ಹೇಳಿರುವುದರಿಂದಲೇ ಮುಂದಿನ ಮಾತುಗಳ ಮೇಲೂ ನಂಬಿಕೆ ಹುಟ್ಟುತ್ತದೆ.

ಹಾಸಿಗೆ ಹಿಡಿದವನು ಓದಲು ವೀರರ ಶೃಂಗಾರದ ಕಥೆಗಳನ್ನು ಕೇಳಿದ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಜೀವನದ ಪುಸ್ತಕ. ಅವನ್ನು ಓದಿ ಸಂತರಂತೆ ಬಾಳುವ ಕನಸು, ನಡುವೆ ಒಬ್ಬ ಹೆಣ್ಣಿನ ಸೇವೆಯ ಕನಸು ಕಾಣುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದ. ಎರಡು ಕನಸೂ ಕಾಣುವಾಗ ಹಿತವಾಗಿದ್ದವು. ಹೆಣ್ಣಿನ ಕನಸು ಮುಗಿದ ಮೇಲೆ ಮನಸ್ಸು ಒಣಗಿರುತ್ತಿತ್ತು, ಸಂತರ ಕನಸು ಮುಗಿದ ಮೇಲೂ ಸಂತೋಷ ಉಳಿದಿರುತ್ತಿತ್ತು. ಈ ವ್ಯತ್ಯಾಸ ಅವನ ಗಮನಕ್ಕೆ ಬಂದದ್ದು ಎಷ್ಟೋ ದಿನಗಳ ನಂತರ. ಪುಸ್ತಕದ ಹೃದಯ ಇಲ್ಲಿದೆ. ಆಕಾಶವಾಣಿ ಆಗಲಿಲ್ಲ, ಕನಸಿನಲ್ಲಿ ಯಾರೂ ಬಂದು ದಾರಿ ತೋರಿಸಲಿಲ್ಲ. ಒಂದು ಆಲೋಚನೆ ಹೋದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂದು ನೋಡಿಕೊಳ್ಳುವುದು, ಅಷ್ಟೇ. 1548ರಲ್ಲಿ ಅಚ್ಚಾದ ಅವನ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಮನಸ್ಸಿನ ಚಲನೆಗಳನ್ನು ಒರೆಗೆ ಹಚ್ಚುವ ನಿಯಮಗಳು ಈ ಗಮನಿಸುವಿಕೆಯಿಂದ ಬೆಳೆದವು.

ಆದರೆ ಈ ವಿವೇಕ ಒಂದೇ ಸಲಕ್ಕೆ ಬಂದದ್ದಲ್ಲ. 1522ರಲ್ಲಿ ಹೇಸರಗತ್ತೆಯ ಮೇಲೆ ಹೊರಟಾಗ ದಾರಿಯಲ್ಲಿ ಒಬ್ಬ ಮೂರ್, ಅಂದರೆ ಸ್ಪೇನಿನ ಮುಸಲ್ಮಾನ, ಜೊತೆಯಾಗುತ್ತಾನೆ. ಮರಿಯಮ್ಮನ ಕನ್ಯತ್ವದ ಬಗ್ಗೆ ಇಬ್ಬರಿಗೂ ವಾದವಾಗಿ ಮೂರ್ ಮುಂದೆ ಹೋಗಿಬಿಡುತ್ತಾನೆ. ಬೆನ್ನಟ್ಟಿ ಹೋಗಿ ಇರಿಯಬೇಕೇ, ಬಿಡಬೇಕೇ? ಯೋಚಿಸಿ ಯೋಚಿಸಿ ದಣಿದ ಇಗ್ನೇಷಿಯಸ್ ಕಡಿವಾಣ ಸಡಿಲಿಸಿ ತೀರ್ಮಾನವನ್ನು ಪ್ರಾಣಿಗೇ ಬಿಟ್ಟ. ಮೂರ್ ಹೋದ ಊರು ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿತ್ತು, ಅಲ್ಲಿಗೆ ಹೋಗುವ ದಾರಿ ಅಗಲವಾಗಿಯೂ ಇತ್ತು. ಪ್ರಾಣಿ ಹೆದ್ದಾರಿಯನ್ನೇ ಹಿಡಿಯಿತು. ಒಂದು ಜೀವ ಉಳಿಯಿತು.

ನಮ್ಮ ಮಲೆನಾಡು ಕರಾವಳಿಯ ದೇವಸ್ಥಾನಗಳಲ್ಲಿ ಹೂ ಪ್ರಸಾದ ಕೇಳುವವರಿಗೆ ಈ ಪ್ರಸಂಗ ಹೊಸದೆನಿಸದು. ಬಲಕ್ಕೆ ಹೂ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಹೂ ಕೇಳುವವರ ಕಷ್ಟ ದೊಡ್ಡದಿರುತ್ತದೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಎರಡರ ನಡುವೆ ತೂಗುವ ಭಾರವನ್ನು ಹೊರಗಿನದೊಂದಕ್ಕೆ ಒಪ್ಪಿಸುವ ರೀತಿ ಅದು. ಮುದುಕನಾದ ಇಗ್ನೇಷಿಯಸ್ ಈ ಪ್ರಸಂಗವನ್ನು ಹೆಮ್ಮೆಯಿಂದ ಹೇಳುವುದಿಲ್ಲ. ಆಸೆ ದೊಡ್ಡದಿದ್ದರೂ ಕಣ್ಣು ತೆರೆಯದಿದ್ದ ಆತ್ಮವನ್ನು ದೇವರು ಹೇಗೆ ನಡೆಸಿಕೊಂಡ ಎಂದು ತೋರಿಸಲು ಹೇಳುತ್ತಾನೆ. ನಂಬಿಕೆಗೂ ಬಾಲ್ಯವಿದೆ ಎಂದು ಒಪ್ಪುವ ಸಂತರು ಅಪರೂಪ.

ಮುಂದೆ ಮಾನ್ರೇಸಾ ಎಂಬ ಊರಿನಲ್ಲಿ ಕೆಲವು ದಿನ ಇದ್ದು ಹೋಗೋಣವೆಂದು ಇಳಿದವನು ಹತ್ತಿರ ಹತ್ತಿರ ಒಂದು ವರ್ಷ ಉಳಿದ. ಹಳೆಯ ಪಾಪಗಳನ್ನು ಕೆದಕಿ ಕೆದಕಿ ಸಾಯುವ ಯೋಚನೆಯವರೆಗೆ ಹೋದ. ಮನಸ್ಸು ಕುಸಿದಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡ ಎಂಬ ಅವನ ಪ್ರಸಿದ್ಧ ನಿಯಮದ ಹಿಂದೆ ಇಂಥ ರಾತ್ರಿಗಳಿವೆ.

1523ರ ಸೆಪ್ಟೆಂಬರಿನಲ್ಲಿ ಜೆರುಸಲೇಮ್ ಮುಟ್ಟಿದ. ಬದುಕಿಡೀ ಅಲ್ಲೇ ಇರುವ ಗಟ್ಟಿ ಸಂಕಲ್ಪ. ಅಲ್ಲಿನ ಫ್ರಾನ್ಸಿಸ್ಕನ್ ಹಿರಿಯರು ಆಗದು ಅಂದರು. ಹಿಂದೆ ಹೀಗೆ ಉಳಿದವರು ಸೆರೆ ಸಿಕ್ಕಿದ್ದರು, ಅವರನ್ನು ಹಣ ಕೊಟ್ಟು ಬಿಡಿಸಬೇಕಾಗಿ ಬಂದಿತ್ತು. ಹಟ ಹಿಡಿದರೆ ಬಹಿಷ್ಕಾರ ಹಾಕುವ ಅಧಿಕಾರವೂ ಅವರಿಗಿತ್ತು. ಆ ಅಧಿಕಾರಪತ್ರ ತೋರಿಸಲು ಬಂದಾಗ ಬೇಡವೆಂದ, ಮಾತಿಗೆ ತಲೆಬಾಗಿದ. ಇಷ್ಟಕ್ಕೇ ನಿಂತಿದ್ದರೆ ಇದು ಪಾಠದ ಪುಸ್ತಕವಾಗುತ್ತಿತ್ತು. ಹೊರಡುವ ಮುನ್ನ ಅವನು ಯಾರಿಗೂ ಹೇಳದೆ ಓಲಿವ್ ಗುಡ್ಡಕ್ಕೆ ಓಡಿದ. ಸ್ವರ್ಗಾರೋಹಣದ ಕಾಲದಲ್ಲಿ ಕ್ರಿಸ್ತನ ಪಾದ ಮೂಡಿದ ಕಲ್ಲು ಅಲ್ಲಿದೆಯೆಂದು ನಂಬಿಕೆ. ಕಾವಲುಗಾರರಿಗೆ ತನ್ನ ಚಾಕು ಕೊಟ್ಟು ಒಳಗೆ ಹೋಗಿ ನೋಡಿಬಂದ. ಬಲಪಾದ ಯಾವ ದಿಕ್ಕಿಗಿತ್ತು, ಎಡಪಾದ ಯಾವ ದಿಕ್ಕಿಗಿತ್ತು ಎಂದು ಸರಿಯಾಗಿ ನೋಡಲಿಲ್ಲವೆಂದು ನೆನಪಾಗಿ, ಈ ಸಲ ಕತ್ತರಿ ಕೊಟ್ಟು ಮತ್ತೆ ಹೋದ. ಹುಡುಕಿ ಬಂದ ಮಠದ ಆಳು ತೋಳು ಹಿಡಿದು ಎಳೆದೊಯ್ದ. ದೇವರ ಚಿತ್ತವೆಂದು ಒಪ್ಪಿಕೊಂಡವನಿಗೂ ಹಂಬಲ ಹೀಗೆ ಉಳಿದಿರುತ್ತದೆ. ಶರಣಾಗತಿಯೆಂದರೆ ಆಸೆ ಸಾಯುವುದು ಎಂದು ಉಪದೇಶಿಸುವವರಿಗಿಂತ ಈ ಕತ್ತರಿ ಹೆಚ್ಚು ನಿಜ ಹೇಳುತ್ತದೆ.

ಆಮೇಲೆ ಮೂವತ್ತು ದಾಟಿದವನು ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣಕ್ಕೆ ಕೂತ. ಅಲ್ಕಲಾ, ಸಲಮಾಂಕಾಗಳಲ್ಲಿ ಸಂಶಯಕ್ಕೆ ಸಿಕ್ಕಿ ಸೆರೆಯಲ್ಲಿದ್ದ. 1528ರಲ್ಲಿ ಪ್ಯಾರಿಸ್ ಸೇರಿದ. 1534ರ ಆಗಸ್ಟ್ 15ರಂದು ಮೋಮಾರ್ತ್ರ ಗುಡ್ಡದಲ್ಲಿ ಅವನೂ ಸಂಗಡಿಗರೂ ಏಳು ಜನ ಸೇರಿ ಜೆರುಸಲೇಮಿಗೆ ಹೋಗುವ ಹರಕೆ ಹೊತ್ತರು. ಆ ಹರಕೆಯಲ್ಲೇ ಇನ್ನೊಂದು ಮಾತಿತ್ತು: ವೆನಿಸ್‌ನಲ್ಲಿ ಒಂದು ವರ್ಷ ಹಡಗಿಗೆ ಕಾಯುವುದು, ಸಿಗದಿದ್ದರೆ ರೋಮಿಗೆ ಹೋಗಿ ಪೋಪ್ ಹೇಳಿದಲ್ಲಿ ದುಡಿಯುವುದು. 1537ರಲ್ಲಿ ವೆನಿಸ್‌ಗೂ ತುರ್ಕರಿಗೂ ಯುದ್ಧ ಹತ್ತಿತು. ಯಾತ್ರಿಕರ ಹಡಗು ಹೊರಡಲಿಲ್ಲ. ಅವರು ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ ಮಾಡುತ್ತ ಕಾದರು, ಅವಧಿ ತೀರಿದ ಮೇಲೆ ರೋಮಿಗೆ ನಡೆದರು. ಯೇಸುಸಭೆ ಹುಟ್ಟಿದ್ದು ಈ ತಪ್ಪಿಹೋದ ಪ್ರಯಾಣದಿಂದ. ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಗಟ್ಟಿಯಾಗಿ ಕಾಣುವುದು ಈ ಭಾಗ. ಜೀವವನ್ನೇ ಮುಡಿಪಾಗಿಟ್ಟ ಬಯಕೆಗೂ ಅವರು ಗಡುವು ಹಾಕಿಕೊಂಡಿದ್ದರು. ಯೋಜನೆಯ ಮೇಲಿನ ಮೋಹವನ್ನೇ ದೇವರ ಮೇಲಿನ ನಂಬಿಕೆಯೆಂದು ಅವರು ತಿಳಿಯಲಿಲ್ಲ.

ತಕರಾರು ಇಲ್ಲವೆಂದಲ್ಲ. ಹೇಳುವವನು ಸಾವಿರ ಸದಸ್ಯರ ಸಭೆ ಕಟ್ಟಿ ನಿಂತವನು. ಅಲ್ಲಿಂದ ಹಿಂತಿರುಗಿ ನೋಡಿದರೆ ಫಿರಂಗಿ ಗುಂಡೂ ಕೃಪೆಯಾಗಿಯೇ ಕಾಣುತ್ತದೆ. ಪಾಂಪ್ಲೋನಾದಲ್ಲಿ ಕಾಲು ಕಳೆದುಕೊಂಡು ಬೇರೇನೂ ಆಗದೆ ಸತ್ತವರ ಆತ್ಮಕಥೆ ನಮ್ಮ ಕೈಯಲ್ಲಿಲ್ಲ.

ಎರಡನೆಯದು ನಮ್ಮ ಕರಾವಳಿಗೆ ಹತ್ತಿರದ್ದು. 1540ರಲ್ಲಿ ಇಂಡಿಯಾಕ್ಕೆ ಹೊರಡಬೇಕಿದ್ದವನು ಇಗ್ನೇಷಿಯಸನ ಸಂಗಡಿಗ ಬೊಬಾಡಿಲ್ಲ. ಅವನು ಕಾಯಿಲೆ ಬಿದ್ದದ್ದರಿಂದ ಇನ್ನೊಬ್ಬ ಸಂಗಡಿಗ ಫ್ರಾನ್ಸಿಸ್ ಕ್ಸೇವಿಯರ್ ಹೊರಟ, 1542ರ ಮೇ 6ರಂದು ಗೋವಾ ಮುಟ್ಟಿದ. ಭಕ್ತರು ಇದನ್ನು ದೇವರ ನಡೆಸುವಿಕೆಯೆಂದು ನೆನೆಯುತ್ತಾರೆ. ಅದೇ ಕ್ಸೇವಿಯರ್ 1546ರಲ್ಲಿ ಗೋವಾಕ್ಕೆ ಮತವಿಚಾರಣೆಯ ನ್ಯಾಯಾಲಯ ಬೇಕೆಂದು ಪೋರ್ಚುಗಲ್ ದೊರೆಗೆ ಬರೆದ. ಅವನು ಸತ್ತ ಮೇಲೆ, 1560ರಲ್ಲಿ, ಅದು ಬಂತು. ಅದರ ಭಯಕ್ಕೂ ಬರಗಾಲ, ತೆರಿಗೆ, ಯುದ್ಧಗಳಿಗೂ ಸಿಕ್ಕಿ ಗೋವಾ ಬಿಟ್ಟು ಕೆನರಾಕ್ಕೆ ಬಂದ ಕೊಂಕಣಿಗರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಅವರ ಬದುಕಿನ ಯೋಜನೆಯೂ ರಾತ್ರೋರಾತ್ರಿ ಬದಲಾಗಿತ್ತು. ಒಬ್ಬನ ಮನಸ್ಸಿನಲ್ಲಿ ಉಳಿಯುವ ಸಂತೋಷವೊಂದೇ ದೇವರ ಗುರುತಾದರೆ, ಪಕ್ಕದವನ ಮನೆಯಲ್ಲಿ ಏನು ಉಳಿಯಿತೆಂದು ಕೇಳುವವರು ಯಾರು? ಇಗ್ನೇಷಿಯಸನ ವಿಧಾನ ಒಳಗನ್ನು ನೋಡುವಷ್ಟು ಸೂಕ್ಷ್ಮವಾಗಿ ಈ ಹೊರಗನ್ನು ನೋಡುವುದಿಲ್ಲ. ಇದು ಸಣ್ಣ ಕೊರತೆಯಲ್ಲ.

ಅವನು ತೀರಿಕೊಂಡ ಹನ್ನೊಂದು ವರ್ಷಕ್ಕೆ, 1567ರಲ್ಲಿ, ಸಭೆಯೇ ಈ ಆತ್ಮಕಥೆಯ ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಂಡು ಅಧಿಕೃತ ಚರಿತ್ರೆ ಬರೆಸಿತು. ಸ್ಪ್ಯಾನಿಷ್ ಮೂಲ ಅಚ್ಚಾದದ್ದು 1904ರಲ್ಲಿ. ನಯಗೊಳಿಸದ ಈ ಕಥೆ ಸಭೆಗೂ ಸುಲಭದ್ದಾಗಿರಲಿಲ್ಲ ಅಂತ ಕಾಣುತ್ತದೆ. ಕೊನೆಯ ಪುಟದಲ್ಲಿ ಅವನು ಸಭೆಯ ನಿಯಮ ರಚಿಸುವಾಗ ತನ್ನೊಳಗೆ ನಡೆದದ್ದನ್ನು ಬರೆದಿಟ್ಟ ಕಾಗದಗಳ ದೊಡ್ಡ ಕಟ್ಟನ್ನು ತೆಗೆದು ಸ್ವಲ್ಪ ಓದಿ ಹೇಳುತ್ತಾನೆ. ಕಾಮರ ಪೂರ್ತಿ ನೋಡಲು ಕೇಳಿದರೆ ಕೊಡುವುದಿಲ್ಲ. ಆ ಕಾಗದಗಳಲ್ಲಿ 1544-45ರ ದಿನಚರಿಯ ಒಂದು ತುಣುಕು ಮಾತ್ರ ಉಳಿದಿದೆ. ಅದರ ಮೊದಲ ಭಾಗದಲ್ಲಿ ಅವನು ದಿನದಿನವೂ ಪೂಜೆ ಮಾಡುತ್ತ, ಅಳುತ್ತ, ನಲವತ್ತು ದಿನ ತೂಗುವುದು ಒಂದೇ ಪ್ರಶ್ನೆಯನ್ನು: ಸಭೆಯ ಇಗರ್ಜಿಗಳಿಗೆ ನಿಗದಿತ ಆದಾಯ ಇರಬೇಕೇ, ಬೇಡವೇ.