ಕಾಸರಗೋಡಿನ ಕನ್ನಡಕ್ಕೆ ಯಂತ್ರದ ಮಾಷ್ಟ್ರು ಸಾಕೆ?

ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ತೆರೆ ಕಂಡಾಗ, ಕನ್ನಡ ಶಾಲೆಗೆ ಬಂದ ಮಲಯಾಳದ ಗಣಿತ ಮಾಷ್ಟ್ರ ಪಾಠ ಮಕ್ಕಳಿಗೆ ಅರ್ಥವಾಗದ ದೃಶ್ಯಗಳಿಗೆ ಊರೂರಿನ ಪ್ರೇಕ್ಷಕರು ನಕ್ಕರು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಹೆತ್ತವರಿಗೆ ಮಾತ್ರ ಅದು ಮನೆಯಂಗಳದ ಸಂಗತಿ. 2023ರಲ್ಲಿ ಅಡೂರಿನ ಸರಕಾರಿ ಶಾಲೆಯ ಕನ್ನಡ ಮಾಧ್ಯಮ ತರಗತಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಇಳಿಯಬೇಕಾಯಿತು.

ಕೃತಕ ಬುದ್ಧಿಮತ್ತೆಯ ಚರ್ಚೆ ಗಡಿನಾಡಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಬೇರೆ ಕಡೆಯವರು ‘ಯಂತ್ರ ಬಂದರೆ ಶಿಕ್ಷಕರ ಗತಿಯೇನು’ ಎಂದು ಕೇಳುತ್ತಾರೆ. ಇಲ್ಲಿ ಶಿಕ್ಷಕರ ಜಾಗವೇ ಎಷ್ಟೋ ಸಲ ತೆರವಾಗಿರುತ್ತದೆ, ಇಲ್ಲವೇ ಕನ್ನಡ ಬಾರದವರಿಂದ ತುಂಬಿರುತ್ತದೆ. ಹಾಗಾಗಿ ಯಂತ್ರದ ಪಾಠವನ್ನು ಇಲ್ಲಿ ಅಳೆಯಬೇಕಾದ ಕೋಲು ಬೇರೆ.

ಕೇರಳ ಈ ತಂತ್ರಜ್ಞಾನದಲ್ಲಿ ಹಿಂದೆ ಬಿದ್ದಿಲ್ಲ. ಅಲ್ಲಿನ ಶಿಕ್ಷಣ ಇಲಾಖೆಯ ತಂತ್ರಜ್ಞಾನ ಸಂಸ್ಥೆ ‘ಕೈಟ್’ 2024ರ ಮೇ ತಿಂಗಳಲ್ಲಿ 80,000 ಶಿಕ್ಷಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ಆರಂಭಿಸಿತು. ಅದೇ ಶೈಕ್ಷಣಿಕ ವರ್ಷದಲ್ಲಿ ಏಳನೇ ತರಗತಿಯ ಐಸಿಟಿ ಪಠ್ಯದಲ್ಲೂ ಈ ವಿಷಯ ಸೇರಿತು. ಇತ್ತ ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ, ತುಳು ಬಂದದ್ದು 2024ರಲ್ಲಿ. ಭಾರತೀಯ ಭಾಷೆಗಳಿಗೆಂದೇ ಕೇಂದ್ರ ಸರಕಾರ ತಂದ ‘ಭಾಷಿಣಿ’ 2022ರದ್ದು. ಮಲಯಾಳದ ಸುತ್ತೋಲೆಯೊಂದನ್ನು ಫೋನಿಗೆ ತೋರಿಸಿದರೆ ಕ್ಷಣದಲ್ಲಿ ಕನ್ನಡವಾಗಿ ಕಾಣುತ್ತದೆ. ಸರಕಾರಿ ಕಚೇರಿಯಲ್ಲಿ ಮಲಯಾಳದ ಅರ್ಜಿ ಹಿಡಿದು ಓದಿಕೊಡುವವರಿಗಾಗಿ ಹುಡುಕುತ್ತಿದ್ದ ಹಿರಿಯರಿಗೆ ಇದು ಸಣ್ಣ ಉಪಕಾರವಲ್ಲ.

ಕನ್ನಡ ಬಲ್ಲ ಶಿಕ್ಷಕರಿಗೂ ಇದರಿಂದ ಅನುಕೂಲವಿದೆ. ಒಂದೇ ಗದ್ಯಭಾಗವನ್ನು ಮೂರು ಹಂತದ ಸರಳತೆಯಲ್ಲಿ ಬರೆಸಿಕೊಳ್ಳಬಹುದು, ಪ್ರಶ್ನೆಗಳ ಕರಡು ಮಾಡಿಸಬಹುದು, ಮಗುವಿಗೆ ಸಂಕೋಚವಿಲ್ಲದೆ ಓದಿ ಅಭ್ಯಾಸ ಮಾಡಲು ಬಿಡಬಹುದು. ಗೊತ್ತಿರುವವರ ಕೈಯಲ್ಲಿ ಯಂತ್ರ ತಪ್ಪಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕಷ್ಟ ಶುರುವಾಗುವುದು ಮಗುವಿನ ನೋಟುಪುಸ್ತಕದಲ್ಲಿ. ಒಂದೇ ಬೆಂಚಿನಲ್ಲಿ ಇಬ್ಬರು ಮಕ್ಕಳು ಕುಳಿತಿದ್ದಾರೆ ಎನ್ನಿ. ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಮಲಯಾಳ. ಮಲಯಾಳದಲ್ಲಿ ಅವನು ಬಂದರೂ, ಅವಳು ಬಂದರೂ, ಅವರು ಬಂದರೂ ಕ್ರಿಯಾಪದ ‘ವನ್ನು’ ಒಂದೇ. ಲಿಂಗ, ವಚನಕ್ಕೆ ತಕ್ಕಂತೆ ಅದು ಬದಲಾಗುವುದಿಲ್ಲ. ತುಳುವಿನಲ್ಲಿ ಒಬ್ಬ ಗಂಡಸು ಬಂದರೆ ‘ಬತ್ತೆ’, ಹಲವರು ಬಂದರೆ ‘ಬತ್ತೆರ್’; ಕನ್ನಡದ ಬಂದನು, ಬಂದಳು, ಬಂದರು ಇದ್ದ ಹಾಗೆಯೇ. ಹೀಗಾಗಿ ತುಳು ಮನೆಯ ಹುಡುಗ ಸಲೀಸಾಗಿ ದಾಟುವ ಜಾಗದಲ್ಲಿ ಮಲಯಾಳ ಮನೆಯ ಹುಡುಗಿ ‘ಅಕ್ಕ ಬಂದನು’ ಎಂದು ಬರೆದು ಎಡವುತ್ತಾಳೆ. ಯಂತ್ರ ಆ ವಾಕ್ಯವನ್ನು ತಿದ್ದಿಕೊಡುತ್ತದೆ. ಮನೆಮಾತು ಇಂಥದ್ದು ಎಂದು ತಿಳಿಸಿ ಕಾರಣ ಕೇಳಿದರೆ ವ್ಯಾಕರಣವನ್ನೂ ಚೆನ್ನಾಗಿಯೇ ವಿವರಿಸೀತು. ಆದರೆ ಐದನೇ ತರಗತಿಯ ಮಗುವಿಗೆ ಏನು ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ಎರಡೂ ಭಾಷೆ ಬಲ್ಲ ಟೀಚರ್ ಪುಸ್ತಕ ತೆರೆದ ಕೂಡಲೇ ತಪ್ಪಿನ ಬೇರನ್ನು ಕಾಣುತ್ತಾರೆ. ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಎಲ್ಲ ಒಂದೇ ಕೋಣೆಯೊಳಗೆ ಇರುವ ಜಿಲ್ಲೆಯಲ್ಲಿ ಕನ್ನಡ ಕಲಿಸುವುದೆಂದರೆ ಬಹುಪಾಲು ಇದೇ ಕೆಲಸ.

ಕನ್ನಡ ಬಾರದ ಶಿಕ್ಷಕರ ಕೈಗೆ ಅನುವಾದದ ಆ್ಯಪ್ ಕೊಟ್ಟರೆ ಸಾಲದೇ ಎಂದು ಯಾರಿಗಾದರೂ ಅನಿಸೀತು. ಪಠ್ಯದ ವಾಕ್ಯ ಅನುವಾದವಾಗುತ್ತದೆ, ನಿಜ. ಹಿಂದಿನ ಬೆಂಚಿನಿಂದ ಮಗುವೊಂದು ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ “ಟೀಚರ್, ಅದು ಎಂತಕ್ಕೆ ಹಾಗೆ?” ಎಂದಾಗ ಪಾಠ ನಿಂತುಹೋಗುತ್ತದೆ. ಪ್ರಶ್ನೆ ತಿಳಿಯದವರು ಉತ್ತರದ ದಾರಿ ತೋರಿಸುವುದು ಹೇಗೆ? ಎರಡು ಸಲ ಹೀಗಾದರೆ ಮಗು ಕೇಳುವುದನ್ನೇ ಬಿಡುತ್ತದೆ.

ಭಾಷೆ ಜನರ ನಡುವೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿಯಿದೆ. ಕುಂಬಳೆ ಸೀಮೆ ಪಾರ್ತಿಸುಬ್ಬನ ನಾಡು, ಯಕ್ಷಗಾನದ ತವರು. ತಾಳಮದ್ದಳೆಯಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ. ಭಾಗವತರು ಪದ್ಯ ಮುಗಿಸಿದೊಡನೆ ಅರ್ಥಧಾರಿ ಮಾತು ಕಟ್ಟಬೇಕು, ಎದುರಿನವರು ಅದನ್ನು ಮುರಿದರೆ ಮತ್ತೆ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಅರ್ಥಗಾರಿಕೆ ಕೇಳುತ್ತಲೇ, ಮನೆಯಲ್ಲಿ ಬೇರೆ ಭಾಷೆಯಾಡುವ ಎಷ್ಟೋ ಮಂದಿ ಶುದ್ಧ ಕನ್ನಡದ ವಾಗ್ಝರಿ ಗಳಿಸಿಕೊಂಡರು. ಅಲ್ಲಿ ಕಲಿಸಿದ್ದು ಎದುರಾಳಿಯ ಆಕ್ಷೇಪ, ಸಭೆಯ ಮೌನ, ತಲೆದೂಗುವಿಕೆ. ಚಾಟ್‌ಜಿಪಿಟಿಯಂಥ ಯಂತ್ರಗಳು ಎದುರಿನವರ ಮಾತಿಗೆ ಹೂಂಗುಡುವ ಕಡೆಗೇ ವಾಲುತ್ತವೆ. ವಾದದಲ್ಲಿ ಸೋತು ಭಾಷೆ ಗಟ್ಟಿಯಾಗುವ ಅವಕಾಶ ಅವುಗಳ ಜೊತೆಗಿನ ಮಾತಿನಲ್ಲಿ ಕಡಿಮೆ.

ಒಬ್ಬರೇ ಕುಳಿತು ಹಲವು ಭಾಷೆ ಕಲಿತವರ ಹೆಸರು ಬಂದಾಗ ಮಂಜೇಶ್ವರದ ಗೋವಿಂದ ಪೈಗಳ ನೆನಪಾಗುವುದು ಸಹಜ. ಕೋಶ, ವ್ಯಾಕರಣ ಮುಂದಿಟ್ಟುಕೊಂಡು ದೇಶವಿದೇಶಗಳ ನುಡಿಗಳನ್ನು ಒಲಿಸಿಕೊಂಡ ಅಂಥವರ ಕೈಗೆ ಇಂದಿನ ಯಂತ್ರ ಸಿಕ್ಕಿದ್ದರೆ ಏನೆಲ್ಲ ಮಾಡುತ್ತಿದ್ದರೋ! ಆದರೆ ಅವರಿಗೂ ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂಥ ಗುರು ಸಿಕ್ಕಿದ್ದರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳು ಕವಿ, ಹೋರಾಟಗಾರ, ಮಾಷ್ಟ್ರು ಎಲ್ಲವೂ ಆಗಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಉಳಿದದ್ದರಲ್ಲಿ ಅಂಥ ಶಾಲಾ ಮಾಷ್ಟ್ರುಗಳ ಪಾಲು ಬಹಳ ದೊಡ್ಡದು.

ಯಂತ್ರವನ್ನು ದೂರವಿಡಬೇಕೆಂದು ಇದರ ಅರ್ಥವಲ್ಲ. ಅದಕ್ಕೆ ಗಡಿನಾಡಿನ ಕನ್ನಡವನ್ನು ಉಣಿಸುವ ಕೆಲಸವೂ ಆಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುತ್ತಿದೆ. ನೀರ್ಚಾಲಿನ ಹವ್ಯಕ ಅಜ್ಜಿಯ ಮಾತು, ಉಪ್ಪಳದ ಪೇಟೆಯ ಕನ್ನಡ, ಶಾಲೆಗಳ ಮಕ್ಕಳ ಓದು ಇಂಥ ಸಂಗ್ರಹಗಳಿಗೆ ಸೇರಬೇಕು. ಇಲ್ಲವಾದರೆ ಯಂತ್ರ ಇಲ್ಲಿನ ಮಕ್ಕಳ ಉಚ್ಚಾರವನ್ನೆಲ್ಲ ತಪ್ಪೆಂದೇ ಎಣಿಸೀತು. ಜಿಲ್ಲೆಯ ಕನ್ನಡ ಸಂಘಟನೆಗಳು ಕೈಹಾಕಬಹುದಾದ ಕೆಲಸವಿದು.

ಆದರೆ ಮೊದಲ ಕೆಲಸ ಹುದ್ದೆಗಳದ್ದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅನ್ಯಭಾಷಿಕ ಶಿಕ್ಷಕರಿಗೆ ಕನ್ನಡ ಕಲಿಸಲೆಂದೇ ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ 10 ತಿಂಗಳ ಕೋರ್ಸ್ ಇದೆ. ಅಷ್ಟು ಕಾಲ ಬೇಕಾಗುವ ಕಲಿಕೆಗೆ ಫೋನಿನ ಆ್ಯಪ್ ಬದಲಿಯಾಗದು. ಕೇರಳ ಲೋಕಸೇವಾ ಆಯೋಗ ಕನ್ನಡ ಮಾಧ್ಯಮದ ಹುದ್ದೆಗೆ ಆಯ್ಕೆ ಮಾಡುವಾಗ ಅಭ್ಯರ್ಥಿಯಿಂದ ಕನ್ನಡದಲ್ಲೇ ಒಂದು ಪಾಠ ಮಾಡಿಸಿ ನೋಡಲಿ. ಆ ಪರೀಕ್ಷೆ ನಡೆಸುವ ಮಂಡಳಿಯಲ್ಲಿ ಕನ್ನಡ ಬಲ್ಲವರು ಇರಲಿ. ಹೆತ್ತವರೂ ರಕ್ಷಕ–ಶಿಕ್ಷಕ ಸಂಘದ ಸಭೆಯಲ್ಲಿ ಸ್ಮಾರ್ಟ್ ತರಗತಿಯ ಬೇಡಿಕೆಗಿಂತ ಮೊದಲು ಈ ಬೇಡಿಕೆಯನ್ನು ಬರೆಸಲಿ.