ಸಂಕೇತ ಸರಿ, ಪಿನ್ ತಪ್ಪು

ಕರಿಹಲಗೆಯ ಮೇಲೆ ರೋಧಕವನ್ನು ಅಂಕುಡೊಂಕು ಗೆರೆಯಾಗಿ ಬರೆದರೂ ಆಯತವಾಗಿ ಬರೆದರೂ ನಿಮಗೆ ಅರ್ಥವಾಗುತ್ತದೆ, ಅಲ್ಲವೆ? ಕಿಕ್ಯಾಡ್ ತಂತ್ರಾಂಶದಲ್ಲಿ ಈ ಎರಡೂ ರೂಪಗಳಿವೆ. ಆದರೆ ಗಣಕದಲ್ಲಿ ಸಂಕೇತವೆಂದರೆ ಬರೀ ಚಿತ್ರವಲ್ಲ. ಪ್ರತಿ ಸಂಕೇತದ ಹಿಂದೆ ಪಿನ್‌ಗಳ ಸಂಖ್ಯೆ, ಹೆಸರು ಮತ್ತು ವಿದ್ಯುತ್ ಗುಣಗಳ ಪಟ್ಟಿ ಇರುತ್ತದೆ. ಪಿಸಿಬಿಯಲ್ಲಿ ಯಾವ ಕಾಲು ಯಾವುದಕ್ಕೆ ಸೇರಬೇಕೆಂಬುದನ್ನು ನಿರ್ಧರಿಸುವುದು ಈ ಪಟ್ಟಿಯೇ.

ಕಿಕ್ಯಾಡ್ 1992ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ಐಐಟಿ ಬಾಂಬೆಯ ಫಾಸ್ಸೀ ಯೋಜನೆ ರೂಪಿಸಿದ ಇ-ಸಿಮ್‌ನಲ್ಲೂ ಮಂಡಲ ಬರೆಯಲು ಬಳಕೆಯಾಗುವುದು ಇದೇ. ಹಣ ಕೊಡದೆ ಸಿಗುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದು ವರವೆಂದೇ ಹೇಳಬೇಕು. ಹೊಸ ಸಂಕೇತ ರಚಿಸುವುದೂ ಸುಲಭ. ತೊಡಕು ಇರುವುದು ರಚಿಸಿದ್ದನ್ನು ಜೋಪಾನ ಮಾಡುವಲ್ಲಿ.

ಒಂದು ಉದಾಹರಣೆ ನೋಡೋಣ. ಜೇವರ್ಗಿಯ ವಿದ್ಯಾರ್ಥಿಯೊಬ್ಬನಿಗೆ ತೊಗರಿ ಹೊಲದ ತೇವ ಅಳೆಯುವ ಸಾಧನಕ್ಕಾಗಿ ಎಲ್‌ಎಂ317 ವೋಲ್ಟೇಜ್ ನಿಯಂತ್ರಕ ಬೇಕೆನ್ನಿ. ಅವನು 7805ರ ಸಂಕೇತವನ್ನು ನಕಲು ಮಾಡಿ ಹೆಸರು ಬದಲಿಸುತ್ತಾನೆ. ಪರದೆಯ ಮೇಲೆ ಎಡಕ್ಕೆ ಇನ್‌ಪುಟ್, ಬಲಕ್ಕೆ ಔಟ್‌ಪುಟ್. ನೋಟಕ್ಕೆ ಎಲ್ಲವೂ ಸರಿ. ಆದರೆ 7805ರಲ್ಲಿ 1 ಇನ್‌ಪುಟ್, 2 ಗ್ರೌಂಡ್, 3 ಔಟ್‌ಪುಟ್. ಎಲ್‌ಎಂ317ರಲ್ಲಿ 1 ಅಡ್ಜಸ್ಟ್, 2 ಔಟ್‌ಪುಟ್, 3 ಇನ್‌ಪುಟ್. ಫಲಕ ತಯಾರಾಗಿ ಬೆಸುಗೆ ಹಾಕಿದ ಮೇಲೆ ಬ್ಯಾಟರಿಯ ವಿದ್ಯುತ್ತು ತಪ್ಪು ಕಾಲಿಗೆ ಹೋಗುತ್ತದೆ.

ತಂತ್ರಾಂಶದ ನಿಯಮ ಪರೀಕ್ಷೆ ಇದನ್ನು ಹಿಡಿಯುವುದಿಲ್ಲವೆ? ಇಲ್ಲ. ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಕೂಡಿದರೆ ಅದು ಎಚ್ಚರಿಸುತ್ತದೆ. ಆದರೆ ತಯಾರಕರ ಡೇಟಾಶೀಟನ್ನು ಅದು ಓದಲಾರದು. ಬೇಸರದಿಂದ ಎಲ್ಲ ಪಿನ್‌ಗಳನ್ನೂ 'ಪ್ಯಾಸಿವ್' ಎಂದು ಗುರುತಿಸಿದರೆ ಆ ಎಚ್ಚರಿಕೆಯೂ ಇಲ್ಲವಾಗುತ್ತದೆ.

ಇನ್ನೊಂದು ಆಕ್ಷೇಪವಿದೆ. ಹಳೆಯ ಆವೃತ್ತಿಗಳಲ್ಲಿ ಸಂಕೇತಗಳು ಬೇರೆ ಕಡತದಲ್ಲಿದ್ದವು. ಅದು ತಪ್ಪಿಹೋದರೆ ನಕ್ಷೆಯಲ್ಲಿ ಪ್ರಶ್ನೆ ಚಿಹ್ನೆಗಳು ಉಳಿಯುತ್ತಿದ್ದವು. 2021ರ ಡಿಸೆಂಬರಿನಲ್ಲಿ ಬಂದ 6ನೇ ಆವೃತ್ತಿಯಿಂದ ಸಂಕೇತದ ಪ್ರತಿ ನಕ್ಷೆಯೊಳಗೇ ಇರುತ್ತದೆ. ಕಲಬುರಗಿಯ ಪ್ರಯೋಗಾಲಯದಲ್ಲಿ ಬರೆದದ್ದು ಪೆನ್‌ಡ್ರೈವ್‌ನಲ್ಲಿ ಭೀಮೆ ದಾಟಿ ಜೇವರ್ಗಿಗೆ ಬಂದರೂ ತೆರೆದುಕೊಳ್ಳುತ್ತದೆ. ಇದು ಮೆಚ್ಚತಕ್ಕ ಸುಧಾರಣೆ. ಆದರೆ ಲೈಬ್ರರಿಯಲ್ಲಿ ಪಿನ್ ತಿದ್ದಿದರೆ ಹಳೆಯ ನಕ್ಷೆಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ಪ್ರತಿಯೊಂದನ್ನೂ ತೆರೆದು, ಲೈಬ್ರರಿಯಿಂದ ಸಂಕೇತ ನವೀಕರಿಸುವ ಆಜ್ಞೆ ಕೊಡಬೇಕು. ಮರೆತರೆ ಅದೇ ತಪ್ಪು ಮುಂದಿನ ತಂಡದ ಫಲಕದಲ್ಲೂ ಅಚ್ಚಾಗುತ್ತದೆ.

ಆದ್ದರಿಂದ ಹೊಸದನ್ನು ಬರೆಯುವ ಮೊದಲು ಇರುವ ಲೈಬ್ರರಿಯಲ್ಲಿ ಹುಡುಕಿ. ಎಲ್‌ಎಂ317 ಅಲ್ಲೇ ಇದೆ. ನಿಮ್ಮ ಸಂಕೇತಗಳನ್ನು ಆ ಯೋಜನೆಯ ಫೋಲ್ಡರಿನೊಳಗಿನ ಲೈಬ್ರರಿಯಲ್ಲೇ ಇಡಿ. ಅದರ ವಿಳಾಸವನ್ನು ಒಂದು ಗಣಕದ ಡ್ರೈವ್‌ಗೆ ಕಟ್ಟಿಹಾಕದೆ ಯೋಜನೆಯ ಫೋಲ್ಡರಿನಿಂದಲೇ ಆರಂಭಿಸಿ. ಡೇಟಾಶೀಟಿನ ವಿವರವನ್ನು ಸಂಕೇತದಲ್ಲೇ ದಾಖಲಿಸಿ. ಬರೆದವರು ಒಬ್ಬರಾದರೆ ಪಿನ್ ತಾಳೆ ನೋಡುವವರು ಇನ್ನೊಬ್ಬರಾಗಲಿ.

ಅಧ್ಯಾಪಕರಲ್ಲಿ ಒಂದು ಮಾತು. ಅಂದವಾದ ನಕ್ಷೆಗೆ ಅಂಕ ಕೊಡುವಾಗ ಅದರ ಹಿಂದಿನ ಪಟ್ಟಿಯನ್ನೂ ತೆರೆದು ನೋಡಿ. 7805ರ ಜೋಡಿಯಾದ 7905ರಿಂದಲೇ ಆರಂಭಿಸಬಹುದು. ಅದರಲ್ಲಿ 1ನೇ ಪಿನ್ ಗ್ರೌಂಡ್, 2ನೆಯದು ಇನ್‌ಪುಟ್. ನಿಮ್ಮ ವಿದ್ಯಾರ್ಥಿಯ ಸಂಕೇತದಲ್ಲಿ ಹಾಗೆಯೇ ಇದೆಯೆ?