ಬಾಣಂತನಕ್ಕೆ ಬಂದ ಅಮ್ಮನೂ ಫಾರ್ಮಸಿಯ ಮೆಸೇಜೂ

2020ರ ಫ್ಲೂ ಕಾಲದಲ್ಲಿ ಅಮೆರಿಕದ ನಡವಳಿಕೆ ಸಂಶೋಧಕಿ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು ವಾಲ್‌ಮಾರ್ಟ್ ಫಾರ್ಮಸಿಯ 6,89,693 ಗ್ರಾಹಕರನ್ನು ಒಳಗೊಂಡ ಪ್ರಯೋಗದಲ್ಲಿ ಮೊಬೈಲಿಗೆ 22 ಬಗೆಯ ಮೆಸೇಜು ಕಳಿಸಿ, ಯಾವುದು ಜನರನ್ನು ಲಸಿಕೆಗೆ ಕರೆತರುತ್ತದೆಂದು ನೋಡಿದರು. ನಿಮ್ಮ ಲಸಿಕೆ ನಿಮಗಾಗಿ ಕಾದಿದೆ ಎಂಬ ಧಾಟಿಯದು ಎಲ್ಲಕ್ಕಿಂತ ಚೆನ್ನಾಗಿ ಫಲಿಸಿತು. ಮೆಸೇಜು ಪಡೆದವರಲ್ಲಿ ಲಸಿಕೆ ಹಾಕಿಸಿಕೊಂಡವರ ಪ್ರಮಾಣ ಪಡೆಯದವರಿಗಿಂತ ಸರಾಸರಿ ಶೇಕಡಾ 2 ಅಂಶ ಹೆಚ್ಚಿತ್ತು. ಇಷ್ಟು ಅಗ್ಗದ ಉಪಾಯಕ್ಕೆ ಇದು ಸಣ್ಣ ಗೆಲುವಲ್ಲ. ಆದರೆ ಅವರೆಲ್ಲ ಹಿಂದಿನ ವರ್ಷ ಅಲ್ಲೇ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದವರು. ಮನಸ್ಸಿದ್ದು ಮರೆತವರಿಗೆ ನೆನಪು ಸಾಕು, ಮನಸ್ಸೇ ಮಾಡದವರಿಗೆ?

ಟೆಕ್ಸಾಸಿನಲ್ಲಿ, ಡಲ್ಲಾಸಿನ ಉತ್ತರಕ್ಕಿರುವ ಮೆಕಿನ್ನಿಯಲ್ಲಿ ಈ ಪ್ರಶ್ನೆ ನಮ್ಮ ಕನ್ನಡ ಮನೆಗಳದ್ದೇ. ಮಗಳ ಬಾಣಂತನಕ್ಕೆ ಅಮ್ಮ ಬರುತ್ತಾರೆ. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಮೆಣಸಿನ ಪುಡಿ, ಆರು ತಿಂಗಳ ಬಿ.ಪಿ. ಮಾತ್ರೆ. ಎಳೆಯ ಮಗುವನ್ನು ಎತ್ತಿಕೊಳ್ಳುವವರಿಗೆ ಹೇಳುವ ನಾಯಿಕೆಮ್ಮಿನ ಲಸಿಕೆಯ ಮಾತೆತ್ತಿದರೆ, "ಈ ವಯಸ್ಸಲ್ಲಿ ನನಗ್ಯಾಕೆ ಇಂಜೆಕ್ಷನ್ನು? ಮಗುವಿಗೆ ಹಾಕ್ಸಿ" ಅನ್ನುತ್ತಾರೆ. ಇದನ್ನು ಹಟವೆಂದು ತಳ್ಳಿಹಾಕುವುದು ಅನ್ಯಾಯ. ಊರಿನಲ್ಲಿ ಅವರಿಗೆ ಲಸಿಕೆಯೆಂದರೆ ಪೋಲಿಯೋ ಭಾನುವಾರ, ಅಂಗನವಾಡಿ. ಕೋವಿಡ್ ಬಿಟ್ಟರೆ ದೊಡ್ಡವರಿಗೆ ಹಾಕಿಸಿಕೊಳ್ಳಿ ಎಂದು ಹೇಳಿದ ಡಾಕ್ಟರು ಅಪರೂಪ. ಇಲ್ಲಿನ ಫಾರ್ಮಸಿಯ ಫಾರಂ ಇನ್ಶೂರೆನ್ಸ್ ಕಾರ್ಡ್ ಕೇಳುತ್ತದೆ. ಪ್ರವಾಸಿ ವಿಮೆ ಸಾಮಾನ್ಯವಾಗಿ ಲಸಿಕೆಗೆ ಹಣ ಕೊಡುವುದಿಲ್ಲ. ಕೌಂಟರಿನಲ್ಲಿ ದರ ಕೇಳಿದ ಅಮ್ಮ ಅದನ್ನು ರೂಪಾಯಿಗೆ ಗುಣಿಸಿ, ಮಗಳ ಮುಖ ನೋಡಿ, "ಊರಿಗೆ ಹೋದ್ಮೇಲೆ ನೋಡೋಣ" ಅನ್ನುತ್ತಾರೆ.

ಅದೇ ಅಮ್ಮ, "ಮಗುವಿಗೆ ಎರಡು ತಿಂಗಳಾಗುವವರೆಗೆ ನಾಯಿಕೆಮ್ಮಿನ ಲಸಿಕೆ ಶುರುವಾಗುವುದಿಲ್ಲ, ಅಲ್ಲಿಯವರೆಗೆ ಎತ್ತಿಕೊಳ್ಳುವವರೇ ಅದಕ್ಕೆ ಕಾವಲು" ಎಂದು ಮಕ್ಕಳ ಡಾಕ್ಟರು ಹೇಳಿದರೆ ತೋಳು ಚಾಚುತ್ತಾರೆ. ತನಗಾಗಿ ಬೇಡವೆಂದದ್ದನ್ನು ಮೊಮ್ಮಗುವಿಗಾಗಿ ಒಪ್ಪುತ್ತಾರೆ. ಮೆಸೇಜಿನ ಪ್ರಯೋಗ ಒಬ್ಬೊಬ್ಬರ ನಿರ್ಧಾರವನ್ನಷ್ಟೇ ಅಳೆಯಿತು. ನಮ್ಮಲ್ಲಿ ಆ ನಿರ್ಧಾರ ಅಡುಗೆಮನೆಯಲ್ಲಿ, ಅಳಿಯನೂ ಊರಿನಲ್ಲಿರುವ ಮಗನೂ ಸೇರಿ ಆಗುತ್ತದೆ. ಇದನ್ನು ಅಳೆಯದ್ದೇ ಆ ಪ್ರಯೋಗದ ದೊಡ್ಡ ಕೊರತೆಯೆಂದು ನನಗೆ ಅನಿಸುತ್ತದೆ.

2025ರಲ್ಲಿ ಅಕ್ಟೋಬರ್ ವೇಳೆಗೇ ಟೆಕ್ಸಾಸಿನಲ್ಲಿ 3,500ಕ್ಕೂ ಹೆಚ್ಚು ನಾಯಿಕೆಮ್ಮಿನ ಪ್ರಕರಣಗಳಾಗಿದ್ದವು. ಹೀಗಿರುವಾಗ ಹೆರಿಗೆಯಾದ ಮೇಲೆ ಲಸಿಕೆಯ ಮಾತು ತೆಗೆದರೆ ತಡವಾಯಿತು: ಮಗುವನ್ನು ಮುಟ್ಟುವ ಎರಡು ವಾರ ಮೊದಲೇ ಲಸಿಕೆ ಆಗಿರಬೇಕು. ಬಸುರಿಗೆ 27ರಿಂದ 36ನೇ ವಾರದೊಳಗೆ ಅದೇ ಲಸಿಕೆ ಕೊಡುತ್ತಾರೆ. ಆವತ್ತೇ ಕ್ಲಿನಿಕ್ಕಿನವರು "ಬಾಣಂತನಕ್ಕೆ ಯಾರು ಬರ್ತಾರೆ, ಯಾವಾಗ ಬರ್ತಾರೆ?" ಎಂದು ಕೇಳಿದರೆ, ಅಮ್ಮ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ರೂಪಾಯಿ ಕೊಟ್ಟೇ ಹಾಕಿಸಿಕೊಂಡು ವಿಮಾನ ಹತ್ತಬಹುದು.